ಸಾಣಿಕಟ್ಟಾ ಉಪ್ಪಿನಿಂದ ಸ್ಕೂಟರ್ ಓಡುವುದಿಲ್ಲ

‘ಕಂಪ್ಯೂಟರ್ ಹೊಸ ಬ್ಯಾಟರಿ ಕಂಡುಹಿಡಿದಿದೆ, ಲಿಥಿಯಂ ಬೇಡವೇ ಬೇಡ, ಇನ್ನು ಸಾಣಿಕಟ್ಟಾ ಉಪ್ಪಿನಲ್ಲೇ ಸ್ಕೂಟರ್ ಓಡುತ್ತದೆ’ ಎಂಬ ಸಂದೇಶ ಈ ಉಪ್ಪಿನ ಆಗರಗಳಿರುವ ಗೋಕರ್ಣ, ಕುಮಟಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಪೂರ್ತಿ ಸುಳ್ಳಲ್ಲ. ಆದರೆ ಉಪ್ಪು ಸ್ವಲ್ಪ ಜಾಸ್ತಿ ಬಿದ್ದಿದೆ.

2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಮತ್ತು ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯ ಒಂದು ಸುದ್ದಿ ಕೊಟ್ಟವು. ಬ್ಯಾಟರಿಗೆ ಆಗಬಹುದಾದ ಸುಮಾರು 3.2 ಕೋಟಿ ವಸ್ತುಗಳನ್ನು ಕಂಪ್ಯೂಟರಿನಲ್ಲೇ ಜರಡಿ ಹಿಡಿದು 18ಕ್ಕೆ ಇಳಿಸಿದ್ದರು. ಯಾವುದು ಒಡೆಯದೆ ನಿಲ್ಲುತ್ತದೆ, ಯಾವುದರೊಳಗೆ ಅಯಾನು, ಅಂದರೆ ವಿದ್ಯುತ್ ಆವೇಶದ ಕಣ, ಸಲೀಸಾಗಿ ಓಡಾಡುತ್ತದೆ ಎಂಬ ಲೆಕ್ಕವಷ್ಟೇ ಕಂಪ್ಯೂಟರಿನದು. ಪುಡಿ ಬೆರೆಸಿ, ಕಾಯಿಸಿ, ಅಳೆದು ನೋಡಿದವರು ಮನುಷ್ಯರೇ. ಸಿಕ್ಕಿದ್ದು ಇಡೀ ಬ್ಯಾಟರಿಯೂ ಅಲ್ಲ, ಅದರೊಳಗಿನ ಎಲೆಕ್ಟ್ರೋಲೈಟ್, ಅಂದರೆ ಎರಡು ತುದಿಗಳ ನಡುವೆ ಅಯಾನುಗಳು ಓಡಾಡುವ ಪದಾರ್ಥ. ಅದರಲ್ಲಿ ಸೋಡಿಯಂ ಜೊತೆ ಲಿಥಿಯಂ ಕೂಡ ಇದೆ. ಲಿಥಿಯಂ ಬಳಕೆ ಶೇ 70ರವರೆಗೆ ತಗ್ಗಬಹುದು ಎಂದರೇ ಹೊರತು ಬೇಡ ಎನ್ನಲಿಲ್ಲ.

ಬರೀ ಸೋಡಿಯಂ ಬ್ಯಾಟರಿಗಳೂ ಇವೆ, ಅದು ಬೇರೆ ಮಾತು. ಸೋಡಿಯಂ ಪರಮಾಣು ಲಿಥಿಯಂಗಿಂತ ಮೂರು ಪಟ್ಟಿಗೂ ಜಾಸ್ತಿ ಭಾರ, ಹಾಗಾಗಿ ಅಷ್ಟೇ ಶಕ್ತಿಗೆ ಬ್ಯಾಟರಿಯೂ ಸಾಮಾನ್ಯವಾಗಿ ಭಾರವಾಗುತ್ತದೆ. ಈ ಬ್ಯಾಟರಿಗಳಿಗೂ ಆಗರದ ಉಪ್ಪನ್ನು ಹಾಗೇ ತುಂಬುವುದಿಲ್ಲ, ಮೊದಲು ಸೋಡಾ ಬೂದಿಯಂಥ ಬೇರೆ ರಾಸಾಯನಿಕ ಮಾಡಿಕೊಳ್ಳಬೇಕು.

ಸುಮ್ನೆ ಚೀಲಗಟ್ಟಲೆ ಕೂಡಿಡಬೇಡಿ. ನಮ್ಮ ಮಳೆಗಾಲದಲ್ಲಿ ಉಪ್ಪು ನೀರಾಗುತ್ತದೆ, ಅಲ್ವಾ? ಆಮೇಲೆ ಅಪ್ಪೆಮಿಡಿಗೂ ಉಳಿಯುವುದಿಲ್ಲ.