ಚಿಗರಿ ಟಿಕೆಟ್ಟಿನ ಋಣ

ಹುಬ್ಬಳ್ಳಿಯಲ್ಲಿ ಯಾರಿಗಾದರೂ ದಾರಿ ಕೇಳಿ ನೋಡಿ. ಗೊತ್ತಿದ್ದವರು ಹೇಳುತ್ತಾರೆ. ಗೊತ್ತಿಲ್ಲದವರು ಇನ್ನೂ ವಿವರವಾಗಿ ಹೇಳುತ್ತಾರೆ. ದುರ್ಗದಬೈಲಿನಲ್ಲಿ ನಿಂತು ಕೇಶ್ವಾಪುರಕ್ಕೆ ಹೇಗೆ ಹೋಗೋದು ಅಂತ ಕೇಳಿದರೆ, ಕೈಯಲ್ಲಿದ್ದ ಚಹಾ ಕೆಳಗಿಟ್ಟು, ಪಕ್ಕದವನನ್ನೂ ಕರೆದು, ಇಬ್ಬರೂ ದಾರಿಯ ಬಗ್ಗೆ ವಾದ ಮಾಡಿ, ಕಡೆಗೆ ‘ಬರ್ರಿ, ನಾನೂ ಆ ಕಡೇನ ಹೊಂಟೀನಿ’ ಅಂತ ಜೊತೆಗೇ ಬಂದುಬಿಡುತ್ತಾರೆ. ಆ ಕಡೆ ಅವರಿಗೆ ಏನೂ ಕೆಲಸ ಇರೋದಿಲ್ಲ. ಇಂಥ ಊರಲ್ಲಿ ಹುಟ್ಟಿ ಬೆಳೆದ ಮೇಲೆ ಪರೋಪಕಾರದ ಚಟ ಅಂಟದೇ ಇರುತ್ತದೆಯೇ?

ಚಟ ಅನ್ನೋದು ನನ್ನ ಹೆಂಡತಿಯ ಮಾತು. ‘ಎಲಿ-ಅಡಿಕಿ ಚಟಾ ಆದ್ರೂ ಬಿಡಿಸಬೋದು, ನಿಮ್ಮ ಈ ಚಟಾ ಬಿಡ್ಸಾಕ ಆಗಂಗಿಲ್ಲ’ ಅನ್ನುತ್ತಾಳೆ. ನಾನು ಕರ್ಮದ ಮಾತು ಎತ್ತುತ್ತೇನೆ. ಮಾಡಿದ್ದುಣ್ಣೋ ಮಹರಾಯ ಅಂತ ಹಿರಿಯರು ಸುಮ್ನೆ ಹೇಳಿದ್ದಾರೆಯೇ? ಆದರೆ ಈ ಗಾದೆಯನ್ನು ನಮ್ಮ ಜನ ಬೈಯೋಕೆ ಮಾತ್ರ ಇಟ್ಟುಕೊಂಡಿದ್ದಾರೆ. ಕೆಟ್ಟದ್ದು ಮಾಡಿದವನಿಗೆ ಮಾತ್ರ ಉಣ್ಣೋ ಯೋಗ. ಒಳ್ಳೇದು ಮಾಡಿದವನಿಗೂ ಎಲ್ಲೋ ಒಂದು ಕಡೆ ಎಲೆ ಹಾಕಿರಬೇಕಲ್ವಾ?

ಹಾಕಿರುತ್ತಾರೆ. ಆದರೆ ಅಲ್ಲಿಗೆ ಮುಟ್ಟೋದು ಹೇಗೆ ಅನ್ನೋದೇ ತಾಪತ್ರಯ.

ಗದಗಿನಲ್ಲಿ ಹೆಂಡತಿಯ ಕಡೆಯವರ ಮದುವೆ ಇತ್ತು. ಅವಳು ಹಿಂದಿನ ದಿನವೇ ಹೋಗಿದ್ದಳು. ನಾನು ಬೆಳಗಿನ ಗಾಡಿ ಹಿಡಿಯಲು ಹುಬ್ಬಳ್ಳಿ ನಿಲ್ದಾಣಕ್ಕೆ ಹೋದೆ. ಒಬ್ಬ ಅಜ್ಜಿ ಅಡ್ಡ ಬಂದರು. ಕೈಯಲ್ಲಿ ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲ. ಅದರ ಮೇಲಿನ ‘ಯೂರಿಯಾ’ ಇನ್ನೂ ಅರ್ಧಮರ್ಧ ಓದಲು ಬರುತ್ತಿತ್ತು. ‘ತಮ್ಮಾ, ಇದನ್ನೊಂದೀಟು ಹಿಡಿಯಪಾ. ನನ್ನ ಡಬ್ಬಿ ಅಲ್ಲೇ ಐತಿ’ ಅಂದರು. ನಿಲ್ದಾಣಕ್ಕೆ ಸಿದ್ಧಾರೂಢರ ಹೆಸರಿಟ್ಟಿದ್ದಾರೆ. ಅವರ ಮಠದಲ್ಲಿ ಯಾವ ಊರು, ಯಾವ ಮಂದಿ ಅಂತ ಕೇಳದೆ ಊಟಕ್ಕೆ ಕೂರಿಸುತ್ತಾರೆ. ಆ ಹೆಸರಿನ ಬೋರ್ಡಿನ ಕೆಳಗೆ ನಿಂತು ಅಜ್ಜಿಗೆ ‘ಆಗಂಗಿಲ್ಲ’ ಅನ್ನಲು ನನಗೆ ನಾಲಿಗೆ ಏಳಲಿಲ್ಲ.

‘ಅಲ್ಲೇ’ ಅಂದರೆ ಎಲ್ಲಿ? ಈ ನಿಲ್ದಾಣದಲ್ಲಿ ಆ ಪ್ರಶ್ನೆ ಮೊದಲೇ ಕೇಳಿಕೊಳ್ಳಬೇಕು. ಇಲ್ಲಿರೋದು ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮು, 1,507 ಮೀಟರ್. 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಉದ್ಘಾಟಿಸಿದಾಗ, ಗೋರಖಪುರದ 1,366 ಮೀಟರಿನ ದಾಖಲೆ ಮುರಿದೆವು ಅಂತ ಊರಿಗೆ ಊರೇ ಬೀಗಿತ್ತು. ನಾನೂ ಬೀಗಿದ್ದೆ. ಅಜ್ಜಿಯ ಚೀಲ ಹಿಡಿದ ದಿನ ಮಾತ್ರ ನನ್ನ ಮೊಣಕಾಲು ಗೋರಖಪುರದ ಪರ ನಿಂತಿತು.

ಚೀಲ ಎತ್ತಿದಾಗಲೇ ಭುಜ ಒಂದು ಕಡೆ ವಾಲಿತು. ‘ಏನೈತಿ ಯವ್ವಾ ಇದ್ರಾಗ?’ ಅಂದೆ. ‘ಏನಿಲ್ಲಪಾ. ರೊಟ್ಟಿ, ಶೇಂಗಾ ಹಿಂಡಿ, ಒಂದೀಟು ಖಾರದಪುಡಿ. ಹಗೂರ ಐತಿ.’ ಅರ್ಧ ದಾರಿಯಲ್ಲಿ, ನಾನು ಏದುಸಿರು ಬಿಡುವಾಗ, ಅವರಿಗೆ ಇನ್ನೊಂದು ನೆನಪಾಯಿತು. ‘ಮತ್ತ ಒಂದು ಒಳ್ಳು.’

ಒಳ್ಳು! ಅಂದರೆ ಹಿಂಡಿ ಕುಟ್ಟುವ ಒರಳು, ಅದೂ ಕಲ್ಲಿನದು. ‘ಮಗಳ ಮನ್ಯಾಗ ಮಿಕ್ಸರ್ ಐತಿ. ಮಿಕ್ಸರಿನ ಹಿಂಡಿ ಬಾಯಾಗ ಇಡಾಕ ಬರಂಗಿಲ್ಲ’ ಅಂತ ಕಾರಣವನ್ನೂ ಹೇಳಿದರು. ಕಾರಣ ಸರಿಯಾಗಿಯೇ ಇತ್ತು. ಹಿಂಡಿಯ ವಿಷಯದಲ್ಲಿ ನಾನೂ ಅಜ್ಜಿಯ ಪಕ್ಷದವನೇ. ಆದರೆ ಸಿದ್ಧಾಂತವನ್ನು ಹೆಗಲ ಮೇಲೆ ಹೊತ್ತು ನಡೆಯೋದು ಬೇರೆ ಮಾತು.

ಅವರನ್ನು ಡಬ್ಬಿ ಹತ್ತಿಸಿ, ಸೀಟಿನ ಕೆಳಗೆ ಒಳ್ಳು ತಳ್ಳಿ ಕೆಳಗಿಳಿಯುವಾಗ ಅಜ್ಜಿ ನನ್ನ ಕೈಗೆ ಪೇಪರಿನಲ್ಲಿ ಸುತ್ತಿದ ಖಡಕ್ ರೊಟ್ಟಿ ಇಟ್ಟರು. ‘ನಿನಗ ಎಲ್ಲಿಗಪಾ ಹೋಗೂದು?’ ಅಂತ ಆಗ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಆಚೆಯ ಪ್ಲಾಟ್‌ಫಾರ್ಮಿನಿಂದ ನನ್ನ ಗದಗ ಗಾಡಿ ಹೊರಟಿತು. ಕೊನೆಯ ಡಬ್ಬಿಯ ಬೆನ್ನ ಮೇಲಿನ ಹಳದಿ ಎಕ್ಸ್ ಗುರುತು ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದರೆ, ಅಷ್ಟು ಚೆನ್ನಾಗಿ ಅದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಬಸ್ಸು ಹಿಡಿದು ಹೋದೆ. ರೊಟ್ಟಿಯನ್ನು ಅಣ್ಣಿಗೇರಿ ಬರುವ ಮೊದಲೇ ಮುಗಿಸಿದ್ದೆ. ಮುಟ್ಟುವಷ್ಟರಲ್ಲಿ ಅಕ್ಕಿಕಾಳು ಬಿದ್ದು, ಪಂಕ್ತಿ ಎದ್ದು, ಹಂಡೆ ತೊಳೆಯುತ್ತಿದ್ದರು. ಹೆಂಡತಿ ಮಾತಾಡಲಿಲ್ಲ. ಆದರೆ ಕೇಳಿ, ಆ ರಾತ್ರಿಯಿಂದ ಮದುವೆ ಊಟ ಉಂಡವರಲ್ಲಿ ಅರ್ಧ ಜನ ಹೊಟ್ಟೆ ಹಿಡಿದುಕೊಂಡರು. ನಾನೊಬ್ಬ ಗಟ್ಟಿಯಾಗಿದ್ದೆ. ‘ನೋಡಿದೇನ? ಅಜ್ಜಿ ಚೀಲಾ ಹೊತ್ತದ್ದಕ್ಕ ನಾ ಪಾರಾದೆ. ಇದಕ್ಕ ಕರ್ಮ ಅಂತಾರ’ ಅಂದೆ. ಅವಳು ಮಲಗಿದ್ದಲ್ಲಿಂದಲೇ ತಲೆ ಎತ್ತಿದಳು. ‘ಹಂಗಾರ ಉಂಡವರೆಲ್ಲಾ ಪಾಪಾ ಮಾಡಿದವರೇನ್ರಿ? ನಾ ಯಾರ ಒಳ್ಳು ಕದ್ದಿದ್ದೆ?’

ಈ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ. ನಮ್ಮ ಓಣಿಯ ನಿವೃತ್ತ ಮಾಸ್ತರರನ್ನು ಕೇಳಿದೆ. ಅವರು ಒಂದೂ ಪ್ರವಚನ ಬಿಡದವರು. ಕೂಡಿಟ್ಟದ್ದು ಸಂಚಿತ, ಈಗ ಉಣ್ಣುತ್ತಿರೋದು ಪ್ರಾರಬ್ಧ, ಈಗ ಮಾಡಿ ಮುಂದಕ್ಕೆ ಕಟ್ಟಿಕೊಳ್ಳೋದು ಆಗಾಮಿ ಅಂತ ಬಿಡಿಸಿ ಹೇಳಿದರು. ‘ನಿಮ್ಮ ಗಾಡಿ ತಪ್ಪಿದ್ದು ಪ್ರಾರಬ್ಧ’ ಅಂದರು. ಒಳಗಿನಿಂದ ಹೆಂಡತಿ, ‘ತಪ್ಪಿದ್ದಲ್ರಿ ಮಾಸ್ತರ, ತಪ್ಪಿಸಿಕೊಂಡಿದ್ದು’ ಅಂದಳು.

ಅವಳ ತಮ್ಮನದು ಇನ್ನೊಂದು ವರಸೆ. ಅವನು ಗದಗಿನವನು, ಸೊಸೈಟಿಯಲ್ಲಿ ಕೆಲಸ. ‘ಮಾವಾರ, ನಿಮ್ಮ ಪುಣ್ಯಕ್ಕ ರಸೀದಿ ಇಲ್ಲ, ಅದಕ್ಕ ಯಾರೂ ನಂಬಂಗಿಲ್ಲ. ನಮ್ಮ ಕಣಗಿನಹಾಳ ನೋಡ್ರಿ’ ಅಂತ ಶುರು ಮಾಡುತ್ತಾನೆ. ಅವನ ಮಾತು ಸುಳ್ಳಲ್ಲ. 1905ರಲ್ಲಿ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಸಹಕಾರ ಸಂಘ ಶುರುವಾಯಿತು. ನಮ್ಮ ಕಡೆ ಸಹಕಾರ ಚಳವಳಿಯ ಕತೆ ಹೇಳುವವರು ಅಲ್ಲಿಂದಲೇ ಹೇಳುತ್ತಾರೆ. ಸಾಹುಕಾರನ ಬಡ್ಡಿಗೆ ಸಿಕ್ಕ ರೈತರು ತಮ್ಮಲ್ಲೇ ದುಡ್ಡು ಕೂಡಿಸಿ, ಬೇಕಾದವನಿಗೆ ಸಾಲ ಕೊಟ್ಟು, ಅವನು ತೀರಿಸಿದ್ದನ್ನು ಇನ್ನೊಬ್ಬನಿಗೆ ಕೊಡುವ ಏರ್ಪಾಡು. ಕೊಟ್ಟಿದ್ದು ಸುತ್ತಿ ಬರುತ್ತದೆ ಅನ್ನೋದನ್ನು ಲೆಕ್ಕದ ಪುಸ್ತಕದಲ್ಲಿ ಬರೆದು ತೋರಿಸಿದರು ನೋಡಿ, ಅದು ದೊಡ್ಡ ಮಾತು. ನನ್ನ ಲೆಕ್ಕ ಮಾತ್ರ ಎಲ್ಲೂ ಕೂಡೋದಿಲ್ಲ.

ಉದಾಹರಣೆಗೆ ಲಿಫ್ಟ್ ಕೊಟ್ಟ ಕತೆ. ಭೈರಿದೇವರಕೊಪ್ಪದ ಹತ್ತಿರ ಮಳೆಯಲ್ಲಿ ಒಬ್ಬ ಕಾಲೇಜು ಹುಡುಗ ನಿಂತಿದ್ದ. ವಿದ್ಯಾಗಿರಿಗೆ ಹೋಗಬೇಕಂತೆ. ‘ಕುಂದರಪಾ’ ಅಂತ ಸ್ಕೂಟರಿನ ಹಿಂದೆ ಕೂರಿಸಿಕೊಂಡೆ. ಸತ್ತೂರು ಬರುವ ಮೊದಲೇ ಸ್ಕೂಟರು ಎರಡು ಸಲ ಕೆಮ್ಮಿ ನಿಂತಿತು. ಪೆಟ್ರೋಲ್ ಖಾಲಿ. ಆಮೇಲೆ ಹುಡುಗ ಹಿಂದಿನಿಂದ ತಳ್ಳುತ್ತಾ, ನಾನು ಹ್ಯಾಂಡಲ್ ಹಿಡಿದು ಧೈರ್ಯ ಹೇಳುತ್ತಾ ಹೊರಟೆವು. ನಡುರಸ್ತೆಯಲ್ಲಿ ತಮ್ಮದೇ ದಾರಿಯಲ್ಲಿ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸುಗಳು ಒಂದರ ಹಿಂದೆ ಒಂದು ತಣ್ಣಗೆ ಹೋಗುತ್ತಿದ್ದವು. ಒಳಗೆ ಸೀಟು ಖಾಲಿ ಇದ್ದದ್ದು ಇಬ್ಬರಿಗೂ ಕಂಡಿತು. ‘ಅಂಕಲ್, ಬಸ್ಸಿಗೆ ಹೋಗಿದ್ರ ಇಷ್ಟೊತ್ತಿಗೆ ಮುಟ್ಟಿರ್ತಿದ್ನಿರಿ’ ಅಂದ. ಬೇಸರದಿಂದೇನೂ ಅಲ್ಲ, ಸುಮ್ನೆ ಮಾಹಿತಿಗೆ. ಒಳ್ಳೆ ಹುಡುಗ. ಪಂಪಿನವರೆಗೂ ತಳ್ಳಿದ. ಇಲ್ಲಿ ಉಪಕಾರ ಮಾಡಿದವರು ಯಾರು, ಮಾಡಿಸಿಕೊಂಡವರು ಯಾರು? ಕಣಗಿನಹಾಳದವರಿಗೂ ಬಿಡಿಸೋಕಾಗದ ಲೆಕ್ಕ ಇದು.

ಆದರೂ ನಮ್ಮ ಕಡೆ ಮಾಡಿದ್ದು ತಿರುಗಿ ಬರುತ್ತದೆ ಅನ್ನೋದರಲ್ಲಿ ನನಗೆ ಸಂಶಯವಿಲ್ಲ. ಇದಕ್ಕೆ ನನ್ನದೇ ಒಂದು ಕಾರಣ ಇದೆ, ಮಾಸ್ತರರಿಗೆ ಹೇಳಿಲ್ಲ. ಹುಬ್ಬಳ್ಳಿ-ಧಾರವಾಡ ಅಂದರೆ ಎರಡು ಊರು, ನಡುವೆ ಒಂದು ದೊಡ್ಡ ರಸ್ತೆ. ಚಿಗರಿ ಓಡುವ ದಾರಿ ಇಡಿಯಾಗಿ ಸುಮಾರು 22 ಕಿಲೋಮೀಟರ್. ಆಫೀಸು, ಕಾಲೇಜು, ಕೋರ್ಟು, ಆಸ್ಪತ್ರೆ, ಬೀಗರ ಮನೆ, ಯಾವುದಕ್ಕೇ ಹೋಗಲಿ, ಎಲ್ಲರೂ ಅದರಲ್ಲೇ ಅತ್ತ ಇತ್ತ ಓಡಾಡುತ್ತಾರೆ. ದೊಡ್ಡ ಊರಲ್ಲಾದರೆ ಬೆಳಿಗ್ಗೆ ಒಬ್ಬನಿಗೆ ಬೈದು ಮುಂದೆ ಹೋದರೆ ಜನ್ಮದಲ್ಲಿ ಮತ್ತೆ ಸಿಗೋದಿಲ್ಲ. ಇಲ್ಲಿ ಸಂಜೆಗೇ ಸಿಗುತ್ತಾನೆ. ಸಿಕ್ಕವನು ಹೆಂಡತಿಯ ಕಡೆ ದೂರದ ಸಂಬಂಧಿ ಅಂತಲೂ ಗೊತ್ತಾಗುತ್ತದೆ. ಇಂಥ ಕಡೆ ಕರ್ಮಕ್ಕೆ ಹೆಚ್ಚು ಕೆಲಸವಿಲ್ಲ. ಉಣಕಲ್ ಕೆರೆ ಹತ್ತಿರ ನಿಂತಿದ್ದರೆ ಸಾಕು, ಎಲ್ಲರೂ ಹಾಯ್ದು ಹೋಗುತ್ತಾರೆ.

ಆ ರಸ್ತೆಯಲ್ಲೇ ನಾನು ಸಿಕ್ಕಿಬಿದ್ದೆ. ಧಾರವಾಡದ ಜುಬಿಲಿ ಸರ್ಕಲ್ ಕಡೆ ಕೆಲಸ ಮುಗಿಸಿ ಚಿಗರಿ ನಿಲ್ದಾಣಕ್ಕೆ ಬಂದೆ. ಟಿಕೆಟ್ ಕಿಟಕಿಯ ಮುಂದೆ ಕೈ ಹಾಕಿದರೆ ಪಾಕೀಟು ಇಲ್ಲ. ಅದು ಮನೆಯಲ್ಲಿ, ಇನ್ನೊಂದು ಪ್ಯಾಂಟಿನಲ್ಲಿ. ಫೋನ್ ತೆಗೆದರೆ ಸತ್ತು ಮಲಗಿದೆ. ಹಿಂದೆ ಸಾಲು ಬೆಳೆಯುತ್ತಿತ್ತು. ಹಿಂದಿದ್ದ ಹೆಣ್ಣುಮಗಳು, ಖಾಲಿ ಕಾಯಿಪಲ್ಲೆ ಬುಟ್ಟಿ ಹಿಡಿದವರು, ಒಂದು ಸಲ ನನ್ನ ಮುಖ ನೋಡಿದರು. ಸೊಂಟದ ಸಂಚಿ ಬಿಚ್ಚಿದರು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಸರಿಸಿ ನಾಲ್ಕು ಮಡಿಕೆಯ ನೋಟು ತೆಗೆದರು. ನೋಟಿನ ಮೂಲೆಗೆ ಸುಣ್ಣ ಹತ್ತಿತ್ತು. ‘ಹುಬ್ಬಳ್ಳಿ ಎರಡು ಕೊಡ್ರಿ’ ಅಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೊಡೋದು ಗೊತ್ತಿದ್ದವನಿಗೆ ತಗೊಳ್ಳೋದು ಗೊತ್ತಿರಬೇಕಂತೇನೂ ಇಲ್ಲ. ‘ಅಕ್ಕಾರ, ನಿಮ್ಮ ಫೋನ್ ನಂಬರ್ ಕೊಡ್ರಿ, ಮನೀಗೆ ಹೋದಕೂಡ್ಲೇ ಹಾಕ್ತೀನಿ’ ಅಂದೆ. ‘ನನ್ನ ಹತ್ರ ಎಲ್ಲಿ ಫೋನ್ ತಂದ್ರಿ? ನೀವೂ ಯಾರಿಗರ ಹಿಂಗ ತಗಸಿಕೊಡ್ರಿ, ಮುಗೀತು’ ಅಂದರು. ಬಸ್ಸಿನಲ್ಲಿ ಕೂತವರೇ ಬುಟ್ಟಿ ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋದರು.

ಅವರಿಗೆ ಮುಗಿಯಿತು. ನನಗೆ ಶುರುವಾಯಿತು.

ಯಾರಿಗಾದರೂ ಟಿಕೆಟ್ ತೆಗೆಸಿಕೊಡಬೇಕು. ಆದರೆ ಯಾರಿಗೆ? ಎಲ್ಲರ ಹತ್ತಿರವೂ ದುಡ್ಡಿದೆ. ಚಿಲ್ಲರೆ ಹಿಡಿದುಕೊಂಡು ನಿಲ್ದಾಣದಲ್ಲಿ ಕಾದು ನಿಂತೆ. ಒಬ್ಬ ಹಿರಿಯರು ಜೇಬೆಲ್ಲಾ ತಡಕಾಡುತ್ತಿದ್ದರು. ಸಿಕ್ಕಿತು ಅವಕಾಶ ಅಂತ ಹಾರಿ ಹೋಗಿ, ‘ಇರ್ಲಿ ಬಿಡ್ರಿ ಕಾಕಾ, ನಾ ಕೊಡ್ತೀನಿ’ ಅಂದೆ. ಅವರು ಹುಡುಕುತ್ತಿದ್ದದ್ದು ತಂಬಾಕಿನ ಚೀಟಿ. ‘ಯಾಕ್ರಿ, ನಾ ಭಿಕ್ಷಾ ಬೇಡಾವ ಕಂಡ್ನೇನು?’ ಅಂತ ಸಿಟ್ಟಾದರು. ಟಿಕೆಟ್ಟನ್ನೂ ದುಡ್ಡನ್ನೂ ನನಗೆ ತೋರಿಸಿಯೇ ಒಳಗೆ ಹೋದರು. ಒಂದು ಹುಡುಗಿಗೆ ಸ್ವಲ್ಪ ಚಿಲ್ಲರೆ ಕಡಿಮೆ ಬಿತ್ತು. ಕೊಟ್ಟೆ. ಹಬ್ಬ ಆದಷ್ಟು ಖುಷಿ. ಆದರೆ ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಅವಳು ಓಡಿ ಬಂದು, ಎದುರಿನ ಅಂಗಡಿಯಲ್ಲಿ ನೋಟು ಮುರಿಸಿ, ಅಷ್ಟೂ ದುಡ್ಡು ನನ್ನ ಕೈಗೆ ಹಾಕಿದಳು. ಬೇಡ ಅಂದರೂ ಕೇಳಲಿಲ್ಲ. ‘ನಾ ಯಾರ ಋಣದಾಗೂ ಇರಂಗಿಲ್ರಿ ಅಂಕಲ್’ ಅಂದಳು. ಅವಳ ಸ್ವಾಭಿಮಾನ ಮೆಚ್ಚಬೇಕಾದದ್ದೇ. ಆದರೆ ನನ್ನ ಗತಿ?

ಕಾವಲಿನವನಿಗೂ ಅನುಮಾನ ಬಂದಿತ್ತು. ‘ಬರ್ತೀರಿ, ನಿಂದರ್ತೀರಿ, ಬಸ್ ಹತ್ತಂಗಿಲ್ಲ. ಯಾರನ್ನ ಕಾಯಾಕತ್ತೀರಿ?’ ಅಂತ ಕೇಳಿದ. ಅವನಿಗೆ ಏನಂತ ಹೇಳೋದು? ಕಷ್ಟದಲ್ಲಿರೋರನ್ನು ಕಾಯ್ತಿದ್ದೀನಿ ಅಂದರೆ ಪೊಲೀಸರನ್ನು ಕರೆಯುತ್ತಾನೆ. ಮಾಸ್ತರರ ಹತ್ತಿರ ಹೋದರೆ, ‘ತೀರಿಸಬೇಕು ಅಂತ ಮಾಡಿದ್ದು ಉಪಕಾರ ಹ್ಯಾಂಗ ಆಗ್ತೈತಿ? ಅದು ಬರೇ ಕಂತು’ ಅಂತ ಇನ್ನೊಂದು ಗಂಟು ಹಾಕಿ ಕಳಿಸಿದರು.

ಆ ಟಿಕೆಟ್ ದುಡ್ಡನ್ನು ಅಂಗಿಯ ಜೇಬಿನಲ್ಲಿ ಬೇರೆಯೇ ಇಟ್ಟುಕೊಂಡು ತಿರುಗುತ್ತಿದ್ದೆ. ಬಟ್ಟೆ ಒಗೆಯಲು ಹಾಕುವಾಗ ಹೆಂಡತಿಗೆ ಸಿಕ್ಕಿತು. ಇದೇನು ಅಂದಳು. ಎಲ್ಲವನ್ನೂ ಹೇಳಿದೆ. ಗುರುತು-ಪರಿಚಯ ಇಲ್ಲದವರಿಗೇ ಕೊಡಬೇಕು, ಅದೇ ಕರಾರು ಅಂತಲೂ ಹೇಳಿದೆ. ಅವಳು ನೋಟು ಬಿಡಿಸಿ, ಎಣಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

‘ಕಟಗೊಂಡು ಇಷ್ಟು ವರ್ಷಾತು, ನೀವು ನನಗಿನ್ನೂ ಗೊತ್ತಾಗವಲ್ರಿ. ನನ್ನಷ್ಟು ಪರಿಚಯ ಇಲ್ಲದಾಕಿ ನಿಮಗ ಎಲ್ಲಿ ಸಿಗತಾಳ?’ ಅಂದಳು. ಸಂಜೆ ಮಿರ್ಚಿ ಭಜಿ, ಗಿರ್ಮಿಟ್ ಬಂತು. ನನಗೂ ಒಂದು ತಟ್ಟೆ ಕೊಟ್ಟಳು.