ಕಂದು ಕಂಡರೆ ಎಸೆಯೋದಾ?

ಫ್ರಿಜ್‌ನಲ್ಲಿಟ್ಟಿದ್ದ ನನ್ನ ಕೈಮಾ ಪ್ಯಾಕೆಟ್ ಅನ್ನು ರೂಮ್‌ಮೇಟ್ ಕಸದ ಬುಟ್ಟಿಗೆ ಹಾಕಿದ್ದ. ಯಾಕಪ್ಪಾ ಅಂದರೆ, "ಒಳಗೆಲ್ಲ ಕಂದು ಬಣ್ಣ ಬಂದಿತ್ತು" ಅಂದ. ಮೂಸಿ ನೋಡಿದ್ಯಾ ಅಂತ ಕೇಳಿದೆ. ಮುಖ ಸಿಂಡರಿಸಿದ.

ನಾಡು ಬಿಟ್ಟು ಬಂದ ಮೇಲೆ ನನಗೆ ಇನ್ನೂ ಒಗ್ಗದ ವಿಷಯ ಇದು. ನಮ್ಮವರು ಮಾಂಸವನ್ನು ಮುಟ್ಟಿ, ಮೂಸಿ ನೋಡುತ್ತಾರೆ. ಇಲ್ಲಿಯವರು ದೂರದಿಂದಲೇ ಬಣ್ಣ ನೋಡಿ ತೀರ್ಮಾನ ಮಾಡಿಬಿಡುತ್ತಾರೆ.

ಆದರೆ ಬಣ್ಣವನ್ನು ನಂಬಿ ಕೆಡಬೇಡಿ. ಮಾಂಸದ ಕೆಂಪು ರಕ್ತದ್ದಲ್ಲ, ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನದು. ಅದರೊಳಗೆ ಕಬ್ಬಿಣವಿದೆ. ಆಗಷ್ಟೇ ಕೊಯ್ದ ತುಂಡಿನ ಒಳಗಡೆ ನೋಡಿ, ಹೆಚ್ಚುಕಮ್ಮಿ ನೇರಳೆ. ಸ್ವಲ್ಪ ಹೊತ್ತು ಗಾಳಿಗಿಟ್ಟರೆ ಆಮ್ಲಜನಕ ಸೇರಿ ಕೆಂಪಗೆ ಹೊಳೆಯುತ್ತದೆ. ಇನ್ನೂ ಇಟ್ಟರೆ ಆ ಕಬ್ಬಿಣ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಕಂದು ಬಣ್ಣಕ್ಕೆ ತಿರುಗುತ್ತದೆ. ತಮಾಷೆ ಏನಂದ್ರೆ, ಆಮ್ಲಜನಕ ಧಾರಾಳವಾಗಿದ್ದರೆ ಇದು ನಿಧಾನ, ಅಲ್ಪಸ್ವಲ್ಪ ಇದ್ದಾಗಲೇ ಜೋರು. ಅದಕ್ಕೇ ಪ್ಯಾಕೆಟ್ಟಿನ ಕೈಮಾ ಮೇಲೆ ಕೆಂಪು, ಬಗೆದು ನೋಡಿದರೆ ಕಂದು. ಕೆಡಿಸುವ ಕೆಲಸ ಬ್ಯಾಕ್ಟೀರಿಯಾದ್ದು. ಲೋಳೆ, ಅಂಟು, ಹುಳಿ ನಾತ ಬಂದರೆ ಎಸೀಬೇಕು, ಸರಿ. ಇನ್ನು ಕೆಂಪು ಉಳಿಯಲಿ ಅಂತ ಕಾರ್ಬನ್ ಮಾನಾಕ್ಸೈಡ್ ಅನಿಲ ಹಾಕಿ ಪ್ಯಾಕ್ ಮಾಡಿದ ಮಾಂಸ ಕೆಟ್ಟ ಮೇಲೂ ಕೆಂಪಗೇ ಇರಬಹುದು! ಅದನ್ನು ಇವನು ಖುಷಿಯಾಗಿ ಬೇಯಿಸುತ್ತಾನೆ, ಅಲ್ವಾ?

ಇದೇ ಪುಣ್ಯಾತ್ಮ ಬಾಣಲೆ ಮುಂದೆ ನಿಂತು, ಕಂದು ಬಣ್ಣ ಬರ್ತಾನೇ ಇಲ್ಲ ಅಂತ ಗೊಣಗುತ್ತಾನೆ. ಆ ಕಂದು ಬೇರೆ. ಅಮೈನೋ ಆಮ್ಲಗಳೂ ಸಕ್ಕರೆಯೂ ಕಾವಿನಲ್ಲಿ ಸೇರಿ ಆಗುವಂಥದ್ದು. ಫ್ರಾನ್ಸಿನ ವಿಜ್ಞಾನಿ ಲೂಯಿ ಕಮಿಲ್ ಮಯಾರ್ 1912ರಲ್ಲೇ ಇದರ ಬಗ್ಗೆ ಬರೆದಿದ್ದ. ಘಮ, ರುಚಿ ಎಲ್ಲ ಅದರದೇ. ನಮ್ಮವನೋ ಒದ್ದೆ ತುಂಡುಗಳನ್ನು ಒರೆಸದೆ ಒಟ್ಟಿಗೇ ಸುರಿಯುತ್ತಾನೆ. ನೀರು ಆರುವವರೆಗೂ ಮೇಲ್ಮೈ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಈ ಕಂದು ಚುರುಕಾಗಿ ಮೂಡಲು 140ರ ಆಸುಪಾಸು ಬೇಕು. ಮಾಂಸ ಸುಮ್ನೆ ಬೇಯುತ್ತದೆ, ಬೂದು ಬಣ್ಣದಲ್ಲಿ.

ಮಾಂಸಕ್ಕೆ ಚುಚ್ಚಿ ಒಳಗಿನ ಕಾವು ನೋಡುವ ಅವನ ಥರ್ಮಾಮೀಟರ್ ಬಗ್ಗೆ ಮಾತ್ರ ಆಡಿಕೊಳ್ಳುವ ಹಾಗಿಲ್ಲ. ನಮ್ಮವರು ತುಂಡು ಮುರಿದು, ಕೆಂಪು ಹೋಗಿದ್ದರೆ ಬೆಂದಿದೆ ಅನ್ನುತ್ತಾರೆ. ಮೊದಲೇ ಕಂದು ತಿರುಗಿದ್ದ ಕೈಮಾ 55 ಡಿಗ್ರಿಗೇ ಬೆಂದ ಹಾಗೆ ಕಾಣಬಹುದು. ಅಮೆರಿಕದ ಕೃಷಿ ಇಲಾಖೆ ದನದ ಕೈಮಾ 71 ಡಿಗ್ರಿ ಮುಟ್ಟಬೇಕು ಅನ್ನುತ್ತದೆ. ಹೊಟ್ಟೆ ಕೆಡಿಸುವ ಕ್ರಿಮಿಗಳು ಎಷ್ಟೋ ಸಲ ವಾಸನೆಯನ್ನೂ ಬಿಟ್ಟುಕೊಡುವುದಿಲ್ಲ. ಅಲ್ಲಿ ನಮ್ಮ ಮೂಗಿನ ಆಟವೂ ನಡೆಯಲ್ಲ, ಏನ್ಮಾಡೋದು.