ಮನೆಗೆ ಎರಡು ಕಾರು ಬೇಕು, ಸರಿ. ಎರಡೂ ಒಂದೇ ಥರ ಯಾಕೆ?

ಮೈಸೂರಿನ ಕುವೆಂಪುನಗರದ ನಮ್ಮ ಬೀದಿಗಳಲ್ಲಿ ಸಂಜೆ ಒಂದು ಸುತ್ತು ನಡೆದು ನೋಡಿ. ಎರಡು ಕಾರಿರುವ ಮನೆಗಳಲ್ಲಿ ಹೆಚ್ಚಿನವು ಒಂದೇ ಜಾತಿಯ ಎರಡು ಗಾಡಿಗಳನ್ನು ಸಾಕುತ್ತಿವೆ. ನಾಲ್ಕು ಮೀಟರಿನೊಳಗಿನ ಒಂದು ಎಸ್‌ಯುವಿ, ಅದರ ಬೆನ್ನಿಗೇ ಬೇರೆ ಕಂಪನಿಯ ಇನ್ನೊಂದು ನಾಲ್ಕು ಮೀಟರಿನೊಳಗಿನ ಎಸ್‌ಯುವಿ. ಎರಡೂ ಪೆಟ್ರೋಲು. ದೇವರಾಜ ಮಾರುಕಟ್ಟೆ ಸುತ್ತಲಿನ ಓಣಿಗಳಿಗೆ ಎರಡೂ ತುಸು ದೊಡ್ಡವು, ಮನೆಮಂದಿ ಆರು ಜನ ಧರ್ಮಸ್ಥಳಕ್ಕೆ ಹೊರಟರೆ ಎರಡೂ ತುಸು ಚಿಕ್ಕವು. ಹಾಗಾಗಿ ಎರಡು ಕಾರಿದ್ದೂ ಬಾಡಿಗೆ ಇನ್ನೋವಾ ಕರೆಸುವುದು ತಪ್ಪುವುದಿಲ್ಲ.

ನಮ್ಮ ಕಡೆ ಜೋಡೆತ್ತು ಕೊಳ್ಳುವಾಗ ಎತ್ತರ, ಬಣ್ಣ, ಕೊಂಬು ಎಲ್ಲವೂ ಸರಿಸಮ ಇರಬೇಕೆಂದು ಜಾತ್ರೆಯಿಡೀ ಸುತ್ತುತ್ತಾರೆ. ಎರಡೂ ಒಂದೇ ನೊಗಕ್ಕೆ ಹೆಗಲು ಕೊಡಬೇಕಲ್ಲ. ಕಾರುಗಳಿಗೆ ಆ ಪಾಡಿಲ್ಲ, ಒಂದೊಂದೇ ಹೊರಗೆ ಹೋಗುತ್ತವೆ. ಮೊದಲನೆಯದು ಎಲ್ಲಿ ಸೋಲುತ್ತದೋ ಅಲ್ಲಿ ಗೆಲ್ಲುವುದೇ ಎರಡನೆಯದಾಗಿರಬೇಕು. ಮಾರಾಟ ಮಳಿಗೆಯಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ, ಏಕೆಂದರೆ ಅಲ್ಲಿ ಪ್ರತಿ ಕಾರೂ ಎಲ್ಲ ಕೆಲಸಕ್ಕೂ ಸೈ.

ನಾಲ್ಕು ಮೀಟರಿನ ಈ ಮೋಹಕ್ಕೆ ಕಾರಣ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಮತ್ತು 1500 ಸಿಸಿ ಮೀರದ ಡೀಸೆಲ್ ಕಾರಿಗೆ ಜಿಎಸ್‌ಟಿ ಶೇ 18. ಆ ಗೆರೆ ದಾಟಿದರೆ ಶೇ 40. ವಿದ್ಯುತ್ ಕಾರಿಗೆ ಶೇ 5. ಆದ್ದರಿಂದ ಕಂಪನಿಗಳು ಎಲ್ಲವನ್ನೂ ನಾಲ್ಕು ಮೀಟರಿಗೆ ತುರುಕುತ್ತವೆ, ನಾವೂ ಎರಡೆರಡು ಬಾರಿ ಅದನ್ನೇ ಕೊಳ್ಳುತ್ತೇವೆ. ಒಂದು ಕಾರಿರುವ ಮನೆಗೆ ಇದು ಒಳ್ಳೆಯ ರಾಜಿ. ಎರಡು ಕಾರು ಇಡುವಷ್ಟು ಶಕ್ತಿಯಿದ್ದವರು ಎರಡು ಸಲ ರಾಜಿಯಾಗುವ ಅಗತ್ಯವಾದರೂ ಏನು?

ಮೈಸೂರಿನ ಒಂದು ಸಾಮಾನ್ಯ ಮನೆಯ ಓಡಾಟ ನೋಡೋಣ. ಬೆಳಿಗ್ಗೆ ಶಾಲೆ, ಆಮೇಲೆ ಕಚೇರಿ, ಸಂಜೆ ತರಕಾರಿ, ಅಪ್ಪನಿಗೆ ಕಣ್ಣಿನ ವೈದ್ಯರು, ಮಗಳಿಗೆ ಸಂಗೀತದ ಪಾಠ. ಸರಸ್ವತಿಪುರಂನಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೆ ಹೋಗಿಬಂದರೂ ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್ ದಾಟುವುದು ಕಷ್ಟ. ಇದು ಒಂದು ಬಗೆ. ಇನ್ನೊಂದು ಬಗೆಯದು ತಿಂಗಳಿಗೊಮ್ಮೆ ಬರುತ್ತದೆ: ಪಾಂಡವಪುರದಾಚೆಯ ಊರು, ಬೆಂಗಳೂರಿನ ಮದುವೆ, ಮಡಿಕೇರಿ, ಮಹದೇಶ್ವರ ಬೆಟ್ಟ. ಹೋಗುವಾಗ ಆರು ಜನ, ಬರುವಾಗ ಆರು ಜನರ ಜೊತೆಗೆ ಒಂದು ಮೂಟೆ ಅಕ್ಕಿ, ಎರಡು ಬಾಳೆಗೊನೆ, ಡಿಕ್ಕಿಯ ತುಂಬ ತೆಂಗಿನಕಾಯಿ.

ಮೊದಲನೆಯ ಬಗೆಗೆ, ಸ್ವಂತ ಮನೆ ಮತ್ತು ಸ್ವಂತ ಪೋರ್ಟಿಕೊ ಇದ್ದವರಿಗೆ, ಸಣ್ಣ ವಿದ್ಯುತ್ ಕಾರಿಗಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಟಾಟಾದ ಟಿಯಾಗೊ ಇವಿಯ ದೊಡ್ಡ ಬ್ಯಾಟರಿ 24 ಯೂನಿಟ್‌ನದು. 15 ಆಂಪಿಯರ್‌ನ ಸಾಧಾರಣ ಪ್ಲಗ್ಗಿಗೆ ರಾತ್ರಿ ಚುಚ್ಚಿದರೆ ಬೆಳಿಗ್ಗೆಗೆ ತುಂಬಿರುತ್ತದೆ. ಎಂಜಿ ಕಂಪನಿಯ ವಿದ್ಯುತ್ ಕಾರು ಕಾಮೆಟ್ ಇನ್ನೂ ಸಣ್ಣದು, ಉದ್ದ ಮೂರು ಮೀಟರೂ ಇಲ್ಲ. ನಮ್ಮ ಅಗ್ರಹಾರದ ಅಡ್ಡರಸ್ತೆಗಳನ್ನು ನೋಡಿಯೇ ಅಳತೆ ಕೊಟ್ಟು ಹೊಲಿಸಿದಂತಿದೆ. ‘ಬೆಂಗಳೂರಿಗೆ ಹೋಗಿಬರುವಷ್ಟು ಓಡುವುದಿಲ್ಲವಲ್ಲ’ ಎಂಬ ಆಕ್ಷೇಪ ಒಂದೇ ಕಾರಿರುವವರದು. ಬೆಂಗಳೂರಿಗೆ ಹೋಗಲು ಇನ್ನೊಂದು ಕಾರು ಮನೆಯಲ್ಲೇ ನಿಂತಿರುವಾಗ ಈ ಪ್ರಶ್ನೆ ಏಳುವುದೇ ಇಲ್ಲ.

ಗೃಹಜ್ಯೋತಿಯ ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಿ. ತಿಂಗಳಿಗೆ 750 ಕಿಲೋಮೀಟರ್ ಓಡಿಸಿದರೆ ನೂರು ಯೂನಿಟ್ ಆಸುಪಾಸು ಕಾರಿಗೇ ಬೇಕು. ಮನೆಯ ಬಳಕೆ ಸೇರಿ ಒಟ್ಟು 200 ಯೂನಿಟ್ ಮೀರಿದರೆ ಆ ತಿಂಗಳು ಪೂರ್ತಿ ಬಿಲ್ಲು ನಮ್ಮದೇ. ಉಚಿತ ವಿದ್ಯುತ್ ಹೋಯಿತೆಂದು ಕೊರಗುವವರನ್ನು ಕಂಡಿದ್ದೇನೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಕಾರಿನ ಪಾಲು ಆರುನೂರು ರೂಪಾಯಿ. ಅಷ್ಟೇ ದೂರಕ್ಕೆ ಪೆಟ್ರೋಲ್ ಕಾರು, ಊರೊಳಗೆ ಲೀಟರಿಗೆ ಹದಿನೈದು ಕಿಲೋಮೀಟರ್ ಕೊಟ್ಟರೂ, ಐವತ್ತು ಲೀಟರ್ ಕುಡಿಯುತ್ತದೆ. ಐದು ಸಾವಿರ ರೂಪಾಯಿ ಮೀರಿತು. ಮನೆಯ ಕರೆಂಟಿಗೂ ದುಡ್ಡು ಕಟ್ಟಿ ಇನ್ನೂ ಮಿಗುತ್ತದೆ. ಹಳೆಯ ಮನೆಗಳವರು ಚೆಸ್ಕಾಂನಿಂದ ಮಂಜೂರಾದ ಲೋಡ್ ಎಷ್ಟಿದೆ ಎಂದು ಬಿಲ್ಲಿನಲ್ಲಿ ನೋಡಿಕೊಳ್ಳಬೇಕು. ಚಾರ್ಜರ್ ಒಂದೇ ಮೂರು ಕಿಲೋವಾಟಿಗೂ ಹೆಚ್ಚು ಎಳೆಯುತ್ತದೆ, ಅದೇ ಹೊತ್ತಿಗೆ ಗೀಸರ್ ಹಾಕಿದರೆ ಕತ್ತಲೆ.

ಬಾಡಿಗೆ ಮನೆಯಾದರೆ, ಕಾರು ಬೀದಿಯಲ್ಲಿ ನಿಲ್ಲುವುದಾದರೆ, ವಿದ್ಯುತ್ ಕಾರಿನ ಮಾತು ಬಿಟ್ಟುಬಿಡಿ. ಆಗ ವ್ಯಾಗನ್ ಆರ್ ಥರದ ಎತ್ತರದ ಸಣ್ಣ ಕಾರು, ಅದೂ ಕ್ಲಚ್ ಇಲ್ಲದ್ದು. ನೋಡಲು ಡಬ್ಬದಂತಿದೆ ಎಂದು ಹುಡುಗರು ಮೂಗು ಮುರಿಯುತ್ತಾರೆ. ಮಂಡಿನೋವಿರುವ ನಮ್ಮ ಅಮ್ಮನ ತೀರ್ಪು ಬೇರೆ. ಅವರು ಬಾಗಿಲಿಗೆ ಬೆನ್ನು ಮಾಡಿ ನಿಂತು, ಒಂದು ಕೈಯಲ್ಲಿ ಬಾಗಿಲಿನ ಅಂಚು ಹಿಡಿದು, ಇನ್ನೊಂದರಲ್ಲಿ ನೆರಿಗೆ ಒಟ್ಟುಮಾಡಿಕೊಂಡು ಮೊದಲು ಕುಳಿತುಬಿಡುತ್ತಾರೆ. ಆಮೇಲೆ ಒಂದೊಂದೇ ಕಾಲನ್ನು ಒಳಗೆ ಎತ್ತಿಡುತ್ತಾರೆ. ಸೀಟು ತಗ್ಗಿದ್ದರೆ ಧೊಪ್ಪನೆ ಬೀಳುತ್ತಾರೆ, ಎತ್ತರವಿದ್ದರೆ ಹತ್ತಲು ಸ್ಟೂಲು ಬೇಕು. ಸೊಂಟದ ಮಟ್ಟಕ್ಕೇ ಸೀಟು ಸಿಗುವ ಕಾರುಗಳು ಕೆಲವೇ. ಕಾರು ನೋಡಲು ಹೋಗುವಾಗ ಮನೆಯ ಹಿರಿಯರನ್ನು, ಸೀರೆಯಲ್ಲೇ, ಪಂಚೆಯಲ್ಲೇ, ಕರೆದುಕೊಂಡು ಹೋಗಿ. ಅವರು ಹತ್ತಿ ಇಳಿಯುವುದನ್ನು ನೋಡಿದರೆ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ.

ದೊಡ್ಡ ಕಾರಿನ ವಿಷಯಕ್ಕೆ ಬಂದರೆ, ಅದು ನಿಜವಾಗಿಯೂ ದೊಡ್ಡದಾಗಿರಲಿ. ಎರ್ಟಿಗಾ, ಕ್ಯಾರೆನ್ಸ್, ಕೈಗೆಟುಕಿದರೆ ಇನ್ನೋವಾ. ಮೂರನೆಯ ಸಾಲು ಮಕ್ಕಳಿಗೆ ಮಾತ್ರ, ಅಲ್ಲಿಗೆ ಅಜ್ಜಿಯನ್ನು ಹತ್ತಿಸುವ ಸಾಹಸ ಬೇಡ. ಸಿಎನ್‌ಜಿ ಆಸೆಗೆ ಬಿದ್ದರೆ ಸಿಲಿಂಡರ್ ಡಿಕ್ಕಿಯಲ್ಲಿ ಠಿಕಾಣಿ ಹೂಡುತ್ತದೆ, ತೆಂಗಿನಕಾಯಿ ಊರಲ್ಲೇ ಉಳಿಯುತ್ತದೆ.

ಡೀಸೆಲ್ ಪ್ರಿಯರು ಒಂದು ವಿಷಯ ಗಮನಿಸಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿಯಿದೆ, ಮೆಕ್ಯಾನಿಕ್ಕುಗಳು ಡಿಪಿಎಫ್ ಎನ್ನುವುದು ಅದನ್ನೇ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು. ಅದಕ್ಕೆ ಎಂಜಿನ್ ಚೆನ್ನಾಗಿ ಕಾದು ಹದಿನೈದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಬೇಕು. ಶಾಲೆಗೆ ಎರಡು ಕಿಲೋಮೀಟರ್, ಅಂಗಡಿಗೆ ಒಂದು ಕಿಲೋಮೀಟರ್ ಎಂದು ಓಡಾಡುವ ಡೀಸೆಲ್ ಕಾರಿನಲ್ಲಿ ಆ ಶಾಖವೇ ಹುಟ್ಟುವುದಿಲ್ಲ. ಜರಡಿ ಕಟ್ಟಿಕೊಂಡು ದೀಪ ಹತ್ತುತ್ತದೆ, ಹಾಗೇ ಬಿಟ್ಟರೆ ದುಬಾರಿ ರಿಪೇರಿ. ಜೋಡಿಯ ಅನುಕೂಲ ಇಲ್ಲಿಯೇ ಕಾಣುವುದು: ಊರೊಳಗಿನ ಓಡಾಟ ಸಣ್ಣದಕ್ಕೆ ಬಿಟ್ಟರೆ ಡೀಸೆಲ್ ಕಾರಿಗೆ ಹೆದ್ದಾರಿಯೇ ಗತಿ, ಮಂಡ್ಯ ಮುಟ್ಟುವಷ್ಟರಲ್ಲಿ ಜರಡಿ ಸ್ವಚ್ಛ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನ (ಪೆಟ್ರೋಲ್ ಎಂಜಿನ್ನಿಗೆ ವಿದ್ಯುತ್ ಮೋಟಾರು ಜೊತೆಯಾದದ್ದು) ಗುಣ ತಿರುವುಮುರುವು. ಅದು ನಿಂತು ನಿಂತು ಸಾಗುವ ಊರಿನ ದಟ್ಟಣೆಯಲ್ಲೇ ಹೆಚ್ಚು ಇಂಧನ ಉಳಿಸುತ್ತದೆ. ಅಂಥ ಕಾರು ಒಂದೇ ಕಾರು ಸಾಕೆನ್ನುವ ಮನೆಗೆ ಸರಿ. ಅದನ್ನು ಮನೆಯಲ್ಲಿ ನಿಲ್ಲಿಸಿ ತಿಂಗಳಿಗೊಮ್ಮೆ ತೆಗೆಯುವುದು ದುಡ್ಡಿನ ಕೊಬ್ಬು.

ಇನ್ನು ನನಗೆ ಸಿಟ್ಟು ಬರಿಸುವ ವಿಷಯ. ಹೊಸ ಕಾರು ಬಂದ ಮನೆಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಹೊಸದು, ಆರು ಏರ್‌ಬ್ಯಾಗಿನದು, ಗಂಡಸಿನ ಕೈಗೆ. ಅದರಲ್ಲಿ ಅವನೊಬ್ಬನೇ ಕಚೇರಿಗೆ ಹೋಗಿ ದಿನವಿಡೀ ಮರದ ನೆರಳಲ್ಲಿ ನಿಲ್ಲಿಸುತ್ತಾನೆ. ಹತ್ತು ವರ್ಷ ಹಳೆಯದು, ಏರ್‌ಬ್ಯಾಗೇ ಇಲ್ಲದ್ದು, ಟೈರು ಸವೆದದ್ದು, ‘ನಿನಗೆ ಊರೊಳಗೆ ಓಡಾಡಲು ಸಾಕು’ ಎಂದು ಹೆಂಡತಿಗೆ. ಅದರಲ್ಲಿ ಎರಡು ಮಕ್ಕಳು, ಅತ್ತೆ, ಸಿಟಿ ಬಸ್ಸುಗಳ ನಡುವೆ ದಿನಕ್ಕೆ ನಾಲ್ಕು ಸಲ. ಇಡೀ ಸಂಸಾರ ಹೆಚ್ಚು ಹೊತ್ತು ಕೂರುವ ಕಾರಿಗೆ ಕಡಿಮೆ ದುಡ್ಡು, ಒಬ್ಬ ಕೂರುವ ಕಾರಿಗೆ ಹೆಚ್ಚು ದುಡ್ಡು. ನನ್ನ ಅಭಿಪ್ರಾಯ ಖಚಿತ: ಹೊಸದಾಗಿ ಕೊಳ್ಳುವುದಿದ್ದರೆ ದಿನಬಳಕೆಯ ಸಣ್ಣ ಕಾರನ್ನು ಹೊಸದಾಗಿ ಕೊಳ್ಳಿ. ಕ್ಲಚ್ ಇಲ್ಲದ್ದೊಂದು ಮಾತ್ರ ಕೈಗೆಟುಕುವುದಾದರೆ ಅದೂ ಈ ಸಣ್ಣದೇ ಆಗಿರಲಿ. ತಿಂಗಳಿಗೊಮ್ಮೆ ಹೊರಡುವ ದೊಡ್ಡದನ್ನು ನಾಲ್ಕೈದು ವರ್ಷ ಓಡಿದ್ದು ನೋಡಿ ತಂದರೂ ನಷ್ಟವಿಲ್ಲ, ಅದರ ಬ್ರೇಕು, ಟೈರು ಹೊಸದಾಗಿದ್ದರೆ ಆಯಿತು. ಸಣ್ಣದನ್ನು ಹೆಂಡತಿಯ ಹೆಸರಿನಲ್ಲೇ ನೋಂದಾಯಿಸಿದರೆ ಇನ್ನೂ ಚೆನ್ನ. (ಎರಡೂ ಒಬ್ಬರ ಹೆಸರಿನಲ್ಲಿದ್ದರೆ ಮಾಲೀಕರ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಒಂದೇ ಸಾಕು, ಎರಡನೆಯ ಪಾಲಿಸಿಯಲ್ಲೂ ಅದಕ್ಕೆ ಹಣ ಕಟ್ಟಿಸಿಕೊಳ್ಳಲು ಬಿಡಬೇಡಿ. ಬೇರೆ ಬೇರೆ ಹೆಸರಿದ್ದರೆ ಇಬ್ಬರಿಗೂ ಬೇಕು.)

ಒಬ್ಬರೇ ಎರಡೂ ಕಾರು ಓಡಿಸುವುದಾದರೆ ಒಂದು ಸಣ್ಣ ಸಂಗತಿ ಕಿರಿಕಿರಿ ಮಾಡುತ್ತದೆ. ಮಾರುತಿ, ಹುಂಡೈಗಳಲ್ಲಿ ಇಂಡಿಕೇಟರ್ ಕಡ್ಡಿ ಸ್ಟೇರಿಂಗಿನ ಬಲಕ್ಕಿದೆ, ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳಲ್ಲಿ ಎಡಕ್ಕೆ. ಒಂದೊಂದು ಬಗೆಯದು ತಂದರೆ ಬಲ್ಲಾಳ್ ವೃತ್ತದಲ್ಲಿ ತಿರುಗುವಾಗ ಬಿರುಬಿಸಿಲಲ್ಲಿ ವೈಪರ್ ಆಡುತ್ತಿರುತ್ತದೆ.

ನಿಲ್ಲಿಸುವ ಜಾಗದ ಮಾತೂ ಇದೆ. 30×40ರ ನಿವೇಶನದಲ್ಲಿ ಎರಡು ಕಾರು ಪಕ್ಕಪಕ್ಕ ಹಿಡಿಯುವುದು ಅಪರೂಪ, ಒಂದರ ಹಿಂದೆ ಒಂದು ನಿಲ್ಲಬೇಕು. ದಿನವೂ ಹೋಗುವುದು ಗೇಟಿನ ಬಳಿ, ದೊಡ್ಡದು ಒಳಗೆ. ಒಳಗೆ ನಿಂತದ್ದನ್ನು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸದಿದ್ದರೆ ಬ್ಯಾಟರಿ ಸಾಯುತ್ತದೆ, ಟೈರು ಚಪ್ಪಟೆಯಾಗುತ್ತದೆ. ಮಂಡ್ಯದ ಗದ್ದೆಬಯಲಿನ ಮನೆಗಳಲ್ಲಾದರೆ ಕೊಯ್ಲು ಮುಗಿಯುತ್ತಿದ್ದಂತೆ ಇಲಿಗಳು ಬಾನೆಟ್ಟಿನೊಳಗೆ ಸಂಸಾರ ಹೂಡಿ ವೈರು ಕಡಿಯುತ್ತವೆ. ಹುಣಸೂರಿನ ಹೊಗೆಸೊಪ್ಪಿನ ಕಟ್ಟು ಇಟ್ಟರೆ ಬರುವುದಿಲ್ಲ ಎಂದು ನಮ್ಮ ಚಿಕ್ಕಪ್ಪ ಹೇಳುತ್ತಾರೆ. ಬಾನೆಟ್ ತೆರೆದಾಗಲೆಲ್ಲ ನಮಗೆ ಸೀನು ಬರುತ್ತದೆ, ಇಲಿಯ ಅಭಿಪ್ರಾಯ ತಿಳಿದಿಲ್ಲ.

ಇಷ್ಟೂ ಹೇಳಿದ್ದು ಮೈಸೂರಿನಲ್ಲಿದ್ದು ಮೈಸೂರಿನಲ್ಲೇ ದುಡಿಯುವವರಿಗೆ. ಮಂಡ್ಯದಲ್ಲಿ ಮನೆ, ಮೈಸೂರಿನಲ್ಲಿ ಕೆಲಸ ಎನ್ನುವವರು ಇದನ್ನು ತಿರುಗಿಸಿ ಓದಿಕೊಳ್ಳಬೇಕು. ಅವರಿಗೆ ಬೆಂಗಳೂರು–ಮೈಸೂರು ಹೆದ್ದಾರಿಯೇ ದಿನದ ದಾರಿ, ಹೋಗಿಬರಲು ತೊಂಬತ್ತು ಕಿಲೋಮೀಟರ್ ಆಸುಪಾಸು. 2023ರ ಆಗಸ್ಟ್‌ನಿಂದ ಮುಖ್ಯಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ, ಎಲ್ಲರೂ ನೂರರ ಮಿತಿಯ ಅಂಚಿನಲ್ಲೇ ಓಡುತ್ತಾರೆ. ಅಲ್ಲಿ ವೋಲ್ವೊ ಬಸ್ಸು ಪಕ್ಕದಲ್ಲಿ ಹಾದರೆ ಹಗುರ ಕಾರು ಅಲುಗಾಡುತ್ತದೆ. ಅವರು ದುಡ್ಡು ಸುರಿಯಬೇಕಾದ್ದು ಹೆದ್ದಾರಿಯ ಕಾರಿಗೆ, ಭಾರತ್ ಎನ್‌ಕ್ಯಾಪ್ ಎಂಬ ಅಪಘಾತ ಸುರಕ್ಷತೆಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದದ್ದಕ್ಕೆ. ಮಂಡ್ಯ ಪೇಟೆಯೊಳಗೆ ಓಡಾಡಲು ಹಳೆಯ ಸಣ್ಣ ಕಾರು ಸಾಕು, ಎಷ್ಟೋ ಮನೆಗಳಿಗೆ ಸ್ಕೂಟರೇ ಸಾಕು. 2025ರಲ್ಲಿ ಮೂರು ಸಾವಿರ ರೂಪಾಯಿಗೆ ಶುರುವಾದ ವಾರ್ಷಿಕ ಫಾಸ್ಟ್ಯಾಗ್ ಪಾಸನ್ನು ಯಾವ ಕಾರಿಗೆ ಮಾಡಿಸುತ್ತೀರೋ ಆ ಕಾರಿಗೆ ಮಾತ್ರ ನಡೆಯುತ್ತದೆ, ಇನ್ನೊಂದಕ್ಕೆ ಅಂಟಿಸಿಕೊಳ್ಳುವಂತಿಲ್ಲ. ಹೆಸರು ವಾರ್ಷಿಕವಾದರೂ ಇನ್ನೂರು ಸಲ ದಾಟಿದರೆ ಅದು ಮುಗಿಯಿತು. ದಿನವೂ ಗಣಂಗೂರು ಟೋಲ್ ಎರಡು ಸಲ ದಾಟುವವರಿಗೆ ನೂರು ದಿನದ ದುಡಿಮೆಗೆ ಒಂದು ಪಾಸು ಎಂದಾಯಿತು. ಹಾಗೆ ನೋಡಿದರೂ ಆ ಶುರುವಿನ ದರದಲ್ಲಿ ದಾಟಿಗೆ ಹದಿನೈದೇ ರೂಪಾಯಿ.